ಭಗವಂತರಾಯನ ಜೇಬಿನ ಬೆಂಕಿಪೊಟ್ಟಣ

ಸಂಕ್ರಾಂತಿಯ ಕಬ್ಬಿನ ಸಿಪ್ಪೆ ಇನ್ನೂ ಬೀದಿ ಬಿಟ್ಟು ಹೋಗಿರಲಿಲ್ಲ, ಭಗವಂತರಾಯನಿಗೆ ಆಗಲೇ ಕೂತಲ್ಲಿ ಕೂರಲಾಗದ ಕಾಯಿಲೆ ಶುರುವಾಗಿತ್ತು. ಕೆ.ಆರ್. ಪುರದ ಸಂತೆಯ ಹಿಂದಿನ ಗಲ್ಲಿಯಲ್ಲಿ, ಮೂರನೇ ಮಹಡಿಯ ಒಂದೇ ಕೋಣೆಯ ಬಾಡಿಗೆ ಮನೆ ಅವನದು. ಬೆಳಗಾದರೆ ಬಾಗಿಲು ತೆಗೆದು ಹೊರಗಿನ ಮೋಟುಗೋಡೆಗೆ ಒರಗಿ ಆಕಾಶ ನೋಡುವನು. ನೋಡುವುದಕ್ಕೆ ಅಲ್ಲಿ ಮಹಾ ಏನಿದೆ? ಹಳೇ ಮದರಾಸು ರಸ್ತೆಯಿಂದ ಏಳುವ ಧೂಳು, ಸಾಲುಸಾಲು ನೀರಿನ ಟ್ಯಾಂಕು, ಜೋತುಬಿದ್ದ ಕೇಬಲ್ಲು. ಆದರೂ ಮೂಗೆತ್ತಿ ಗಾಳಿ ಎಳೆದುಕೊಳ್ಳುತ್ತಿದ್ದ. ಎಲ್ಲಿಂದಲೋ ಹೊಗೆಯ ವಾಸನೆ ಬಂದರೆ ಅದು ಒಣ ಎಲೆಯದೋ, ಹುಲ್ಲಿನದೋ, ಟೈರಿನದೋ ಎಂದು ಮನಸ್ಸಿನಲ್ಲೇ ಬೇರೆ ಮಾಡಿಕೊಂಡು, ಗಾಳಿ ಯಾವ ಕಡೆಯದೆಂದು ತಿಳಿಯಲು ಗೋಡೆಯ ಮೇಲಿನ ಧೂಳನ್ನು ಚಿಟಿಕೆ ಎತ್ತಿ ಬಿಡುತ್ತಿದ್ದ. ಆ ಧೂಳು ಕೆಳಗಿನ ಮನೆಯವರು ಒಣಹಾಕಿದ ಬಟ್ಟೆಯ ಮೇಲೆ ಬಿದ್ದು ಒಂದೆರಡು ಸಲ ಜಗಳವೂ ಆಗಿತ್ತು.

ಒಳಗೆ ಅವನ ಹೆಂಡತಿ ಜಟ್ಟೆಮ್ಮ ರೊಟ್ಟಿ ಬಡಿಯುತ್ತಲೇ ಎಲ್ಲವನ್ನೂ ಗಮನಿಸುತ್ತಿದ್ದಳು. ಅವನು ಹೊರಗೆ ನಿಂತಷ್ಟೂ ಬಡಿತದ ಸದ್ದು ಜೋರಾಗುತ್ತಿತ್ತು. ಆಗ ಭಗವಂತರಾಯ ತೆಪ್ಪಗೆ ಒಳಗೆ ಬಂದು ತಾಟಿನ ಮುಂದೆ ಕೂರುತ್ತಿದ್ದ.

ಬೇರೆ ವರ್ಷಗಳಲ್ಲಾದರೆ ಇಷ್ಟೊತ್ತಿಗೆ ಅವನು ಈ ಊರಿನಲ್ಲೇ ಇರುತ್ತಿರಲಿಲ್ಲ. ಜನವರಿ ಹುಟ್ಟಿದರೆ ಬಂಡೀಪುರದ ಕಾಡಿಗೆ ಹೋಗಿ, ಮೊದಲ ಮಳೆ ಬಿದ್ದ ಮೇಲೆ ಮೈತುಂಬ ಮಸಿ ಹೊತ್ತು ಮರಳುವುದು ಅವನ ವಾಡಿಕೆ. ಅಲ್ಲಿ ಅವನು ಫೈರ್ ವಾಚರ್. ಬೇಸಗೆಯ ಬೆಂಕಿಯಿಂದ ಕಾಡನ್ನು ಕಾಯಲು ಆ ಕೆಲವು ತಿಂಗಳ ಮಟ್ಟಿಗೆ ಇಟ್ಟುಕೊಳ್ಳುವ ಆಳುಗಳಲ್ಲಿ ಒಬ್ಬ. ಈ ವರ್ಷ ಹೋಗಲಿಲ್ಲ. ಹೋಗುವುದಿಲ್ಲವೆಂದು ಹೆಂಡತಿಗೆ ಮಾತು ಕೊಟ್ಟಿದ್ದ. ಆ ಮಾತು ಉಳಿಯುತ್ತದೋ ಮುರಿಯುತ್ತದೋ ಎಂಬುದೇ ಆ ಬೇಸಗೆ ಆ ಮನೆಯಲ್ಲಿದ್ದ ಪ್ರಶ್ನೆ. ಇಬ್ಬರೂ ಅದನ್ನು ತಲೆಯಲ್ಲಿಟ್ಟುಕೊಂಡೇ ಉಣ್ಣುತ್ತಿದ್ದರು, ಮಲಗುತ್ತಿದ್ದರು.

ಯಾದಗಿರಿ ಕಡೆಯ ಮನುಷ್ಯ ಬಂಡೀಪುರದ ಕಾಡು ಹೊಕ್ಕಿದ್ದು ಹೇಗೆ ಎಂದು ಯಾರಿಗಾದರೂ ಅನ್ನಿಸುತ್ತದೆ. ಮದುವೆಯಾದ ಹೊಸತರಲ್ಲಿ ಅವನು ರಸ್ತೆಗೆ ಡಾಂಬರು ಹಾಕುವ ಗುಂಪಿನ ಜೊತೆ ಗುಂಡ್ಲುಪೇಟೆ ಕಡೆ ಹೋಗಿದ್ದ. ಒಂದು ಮಧ್ಯಾಹ್ನ ಕಾಡಿನ ಅಂಚಿಗೆ ಬೆಂಕಿ ಬಿತ್ತು. ಗಾರ್ಡುಗಳು ಓಡಿಬಂದು ಕೈ ಹಾಕ್ರಪ್ಪಾ ಎಂದು ಕರೆದರು. ಗುಂಪಿನವರೆಲ್ಲ ಲಾರಿ ಹತ್ತಿ ಕೂತರು. ಭಗವಂತರಾಯ ಒಬ್ಬ ಹಸಿ ಕೊಂಬೆ ಮುರಿದುಕೊಂಡು ಹೊಗೆಯೊಳಗೆ ನುಗ್ಗಿದ. ಯಾಕೆ ನುಗ್ಗಿದೆ ಎಂದರೆ ಇವತ್ತಿಗೂ ಅವನಿಗೆ ಹೇಳಲು ಬರುವುದಿಲ್ಲ. ಮರುವರ್ಷ ಅವರೇ ಕರೆದರು. ಅದರಾಚೆಯ ವರ್ಷ ಕರೆಯುವ ಮೊದಲೇ ಇವನು ಹೋಗಿ ನಿಂತಿದ್ದ.

ದೂರದಿಂದ ನೋಡಿದವರಿಗೆ ಅದು ಶೂರರ ಕೆಲಸ. ಹತ್ತಿರ ಹೋದರೆ ಮುಕ್ಕಾಲು ಪಾಲು ಗುಡಿಸುವ ಕೆಲಸ. ಮೊದಲು ಬೆಂಕಿ ರೇಖೆ ಕಡಿಯಬೇಕು. ಎಂದರೆ ಹುಲ್ಲು, ಲಂಟಾನದ ಪೊದೆ ಎಲ್ಲ ಸವರಿ ಗಾಡಿದಾರಿಯಷ್ಟು ಅಗಲಕ್ಕೆ ನೆಲ ಬೋಳು ಮಾಡಿ, ಸವರಿದ್ದನ್ನು ಅಲ್ಲೇ ಹದವಾಗಿ ಸುಡಬೇಕು. ಆಮೇಲೆ ದಿನಗಟ್ಟಲೆ ಗುಡ್ಡದ ಮೇಲೆ ಕೂತು ಕಣ್ಣು ನೆಟ್ಟಿರಬೇಕು. ಹೊಗೆ ಕಂಡರೆ ಓಡಬೇಕು, ಬಡಿಯಬೇಕು. ಆರಿದ ಮೇಲೂ ಬಿಡುವಂತಿಲ್ಲ. ಸುಟ್ಟ ಒಂದೊಂದು ಬೊಡ್ಡೆಗೂ ಕೈಯ ಹಿಂಬದಿ ತಾಗಿಸಿ ಒಳಗೆ ಬಿಸಿ ಉಳಿದಿದೆಯೇ ಎಂದು ನೋಡಬೇಕು. ದುಡಿದು ದಡ್ಡುಗಟ್ಟಿದ ಅಂಗೈಗೆ ಅಷ್ಟು ಸಣ್ಣ ಬಿಸಿ ಗೊತ್ತಾಗುವುದಿಲ್ಲ.

ಬಡಿದರೂ ಬಗ್ಗದ ಬೆಂಕಿಗೆ ಎದುರು ಬೆಂಕಿ ಕೊಡುವುದುಂಟು. ಬೆಂಕಿ ಬರುತ್ತಿರುವ ದಾರಿಯಲ್ಲಿ ತಾವೇ ಮುಂದಾಗಿ ಒಂದು ಸಾಲು ಹಚ್ಚಿಬಿಡುವುದು. ದೊಡ್ಡ ಬೆಂಕಿ ಸುತ್ತಲಿನ ಗಾಳಿಯನ್ನು ತನ್ನ ಕಡೆ ಎಳೆಯುತ್ತದೆ. ಹಚ್ಚಿದ ಸಾಲು ಅದರ ಕಡೆಗೇ ಹರಿಯುತ್ತದೆ. ಎರಡೂ ಎದುರಾದ ಜಾಗದಲ್ಲಿ ಸುಡಲು ಏನೂ ಸಿಗದೆ ಆರಿಹೋಗುತ್ತವೆ. ಲೆಕ್ಕ ತಪ್ಪಿದರೆ ಮಾತ್ರ ಒಂದಿದ್ದ ಬೆಂಕಿ ಎರಡಾಗುತ್ತದೆ. ಅದಕ್ಕೇ ಅವರ ಕ್ಯಾಂಪಿನಲ್ಲಿ ಒಂದು ಕಟ್ಟಳೆಯಿತ್ತು. ಬೇಸಗೆಯ ಮೊದಲ ದಿನ, ಬೀಡಿ ಸೇದುವವರೂ ಸೇರಿ ಎಲ್ಲರೂ ತಮ್ಮ ಬೆಂಕಿಪೊಟ್ಟಣ ತಂದು ಒಪ್ಪಿಸಬೇಕು. ಇಡೀ ತಂಡಕ್ಕೆ ಒಬ್ಬನ ಜೇಬಿನಲ್ಲಿ ಮಾತ್ರ ಬೆಂಕಿಪೊಟ್ಟಣ. ಕಡ್ಡಿ ಗೀರುವುದು ಅವನೊಬ್ಬನ ಕೆಲಸ. ಬೀಡಿ, ತಂಬಾಕಿನ ಚಟವಿಲ್ಲದ ಭಗವಂತರಾಯನ ಜೇಬಿಗೆ ಆ ಪೊಟ್ಟಣ ಬಂದು ಎಷ್ಟೋ ಬೇಸಗೆ ಆಗಿತ್ತು. ದೊಡ್ಡ ಹುದ್ದೆ ಸಿಕ್ಕವನ ಹಾಗೆ ಅವನು ಅದನ್ನು ಕಾಪಾಡಿಕೊಂಡಿದ್ದ. ಊರಿಗೆ ಬಂದರೂ ಅಂಗಿಯ ಜೇಬಿನಿಂದ ತೆಗೆಯುತ್ತಿರಲಿಲ್ಲ.

ಆ ಕಟ್ಟಳೆ ಮುರಿದವನನ್ನು ಅವನು ಒಮ್ಮೆ ಮನೆಗೆ ಕಳಿಸಿದ್ದ. ಲಕ್ಷ್ಮಿಕಾಂತ ಎಂದು ಅವನ ಹೆಸರು. ಕಾಡಂಚಿನ ಊರಿನವ, ಎರಡು ಮಕ್ಕಳ ತಂದೆ, ಕೆಲಸದಲ್ಲಿ ಚುರುಕು. ಒಂದು ದಿನ ಬೆಂಕಿ ಏರಿ ಬರುವಾಗ ತಂಡವೆಲ್ಲ ಹಿಂದೆ ಸರಿದು ಒಂದು ಒಣ ಹಳ್ಳದ ಆಚೆ ನಿಂತಿತ್ತು. ಹಳ್ಳದ ತುಂಬ ಮರಳು, ಬೆಂಕಿ ಅಲ್ಲಿಗೆ ಬಂದು ತಾನಾಗಿ ನಿಲ್ಲುತ್ತಿತ್ತು. ಅಷ್ಟರಲ್ಲಿ ಲಕ್ಷ್ಮಿಕಾಂತ ಬೀಡಿಗೆಂದು ಬಚ್ಚಿಟ್ಟುಕೊಂಡಿದ್ದ ಪೊಟ್ಟಣ ತೆಗೆದು ಹಳ್ಳದ ಅಂಚಿಗೆ ಎದುರು ಬೆಂಕಿ ಕೊಟ್ಟ. ಕೆಡುಕೇನೂ ಆಗಲಿಲ್ಲ, ನಿಜ ಹೇಳಬೇಕೆಂದರೆ ಬೆಂಕಿ ಬೇಗನೇ ಆರಿತು. ಆದರೂ ಭಗವಂತರಾಯ ಅವನನ್ನು ಕರೆದು, ಹಚ್ಚಲೇಬೇಕಿತ್ತೇ ಎಂದು ಕೇಳಿದ. ಲಕ್ಷ್ಮಿಕಾಂತ ತಲೆ ಕೆರೆದುಕೊಂಡು ನಕ್ಕ. ಆ ನಗು ಕಂಡು ಭಗವಂತರಾಯನಿಗೆ ಮೈ ಉರಿಯಿತು.

"ಬೇಕಾಗಿ ಹಚ್ಚಿದ್ದು ಬ್ಯಾರೆ, ಕೈ ತಡೀಲಾರದ ಹಚ್ಚಿದ್ದು ಬ್ಯಾರೆ. ಕೈ ತಡೀಲಾರದವಗ ಕಾಡಿನಾಗ ಜಾಗ ಇಲ್ಲ."

ಅವತ್ತೇ ಹಾಸಿಗೆ ಸುತ್ತಿಸಿ ಕಳಿಸಿದ. ಲಕ್ಷ್ಮಿಕಾಂತ ಕೈ ಮುಗಿದ, ಅತ್ತ, ಹೆಂಡತಿಯಿಂದ ಫೋನು ಮಾಡಿಸಿದ. ಗಾರ್ಡ್ ಮಧುಕರ್ ಕೂಡ ಈ ಸಲ ಬಿಟ್ಟುಬಿಡಿ ಎಂದು ಹೇಳಿನೋಡಿದರು. ತಂಡದ ಮಟ್ಟಿಗೆ ಪೊಟ್ಟಣ ಇಟ್ಟುಕೊಂಡವನ ಮಾತೇ ಕೊನೆ, ಭಗವಂತರಾಯ ಜಗ್ಗಲಿಲ್ಲ. ತಾನು ಮಾಡಿದ್ದು ಸರಿ ಎಂಬುದರಲ್ಲಿ ಅವನಿಗೆ ಒಂದು ದಿನವೂ ಅನುಮಾನ ಬಂದಿರಲಿಲ್ಲ.

ಇನ್ನು ಆ ಮಾತು ಕೊಟ್ಟದ್ದರ ವಿಚಾರ. ಹೋದ ಏಪ್ರಿಲ್‌ನಲ್ಲಿ ಗುಡ್ಡದ ಮೇಲೆ ಗಾಳಿ ದಿಕ್ಕು ಬದಲಿಸಿ ಭಗವಂತರಾಯ ತಂಡದಿಂದ ತಪ್ಪಿಹೋದ. ಸುಟ್ಟು ತಣ್ಣಗಾದ ನೆಲ ಹುಡುಕಿ ಬಂಡೆಯೊಂದರ ಹಿಂದೆ ಕೂತ, ಹೊಗೆ ಇಳಿದ ಮೇಲೆ ಗುಡ್ಡದ ಆಚೆ ಬದಿಗೆ ಇಳಿದು, ದಾರಿ ಸಿಕ್ಕಿ, ಚಹದಂಗಡಿಯಿಂದ ಫೋನು ಮಾಡಿದ. ಅವನ ಪಾಲಿಗೆ ಅಷ್ಟೇ. ಆದರೆ ನಡುವೆ ಮಧುಕರ್ ಜಟ್ಟೆಮ್ಮನಿಗೆ ಫೋನು ಮಾಡಿ, ಮನೆಗೇನಾದರೂ ಫೋನು ಬಂದಿತ್ತೇ ಎಂದು ಕೇಳಿದ್ದರು. ಜಟ್ಟೆಮ್ಮ ಆಗ ಸಿ.ವಿ. ರಾಮನ್ ನಗರದ ಕಂಪನಿ ಕ್ಯಾಂಟೀನಿನಲ್ಲಿ ತಟ್ಟೆ ತೊಳೆಯುತ್ತಿದ್ದಳು. ಇಲ್ಲ ಎಂದಳು. ತೊಳೆದಿಟ್ಟ ತಟ್ಟೆಗಳನ್ನೇ ಮತ್ತೆ ಎಳೆದುಕೊಂಡು ತೊಳೆಯತೊಡಗಿದಳು. ಸೂಪರ್‌ವೈಸರ್ ಬಂದು ಬೈದ ಮೇಲೂ ತೊಳೆದಳು. ಸಂಜೆ ಗಂಡನ ದನಿ ಕೇಳಿದಾಗ ಅವಳ ಬೆರಳುಗಳ ಚರ್ಮ ಬಿಳಿಚಿ ಸುಲಿದಿತ್ತು.

ಅವನು ಮಳೆ ಬಿದ್ದ ಮೇಲೆ ಮನೆಗೆ ಬಂದಾಗ ಅವಳು ಜಗಳ ತೆಗೆಯಲಿಲ್ಲ. ತಾಟು ಮುಂದಿಟ್ಟು, ತುತ್ತು ಮುರಿಯುವ ಮೊದಲು ಅವನ ಕೈ ಹಿಡಿದಳು.

"ರೊಟ್ಟಿ ಮುಟ್ಟಿ ಹೇಳ್ರಿ, ಇನ್ನ ಹೋಗಂಗಿಲ್ಲ ಅಂತ."

ಅವನು ರೊಟ್ಟಿ ಮುಟ್ಟಿ ಹೇಳಿದ. ಆಗ ಹೊರಗೆ ಮಳೆ ಬರುತ್ತಿತ್ತು, ಮೈ ದಣಿದಿತ್ತು, ಹೇಳುವುದು ಕಷ್ಟವಾಗಲಿಲ್ಲ.

ಕಷ್ಟ ಗೊತ್ತಾದದ್ದು ಚಳಿ ಹರಿದು ಬಿಸಿಲು ಏರಿದ ಮೇಲೆ. ಸಿ.ವಿ. ರಾಮನ್ ನಗರದ ಒಂದು ಅಪಾರ್ಟ್‌ಮೆಂಟಿನ ಗೇಟಿನಲ್ಲಿ ಅವನಿಗೆ ಕೆಲಸ ಸಿಕ್ಕಿತ್ತು. ಅಲ್ಲಿ ಅವನಿಗೆ ಹೆಸರೇ ಇರಲಿಲ್ಲ. ದೊಡ್ಡವರಿಂದ ಮಕ್ಕಳವರೆಗೆ ಎಲ್ಲರೂ ಸೆಕ್ಯುರಿಟಿ ಎನ್ನುತ್ತಿದ್ದರು. ಕಾರು ಬಂದರೆ ಗೇಟು ತೆಗೆ, ಹೋದರೆ ಗೇಟು ಹಾಕು, ಡೆಲಿವರಿ ಹುಡುಗರ ಬಳಿ ಫ್ಲಾಟ್ ನಂಬರ್ ಕೇಳು. ಕುರ್ಚಿ ಕೊಟ್ಟಿದ್ದರು. ಅದರಲ್ಲಿ ಅವನು ಕೂತದ್ದನ್ನು ಕಂಡವರು ಕಡಿಮೆ. ಗೇಟಿನಿಂದ ಹಿಂಗೋಡೆಗೆ, ಹಿಂಗೋಡೆಯಿಂದ ಗೇಟಿಗೆ ಸುತ್ತುತ್ತಿದ್ದ. ಗೋಡೆಗೆ ತಗುಲಿಹಾಕಿದ್ದ ಕೆಂಪು ಸಿಲಿಂಡರುಗಳನ್ನು ದಿನಕ್ಕೆ ಹತ್ತು ಸಲ ಮುಟ್ಟಿ ನೋಡುತ್ತಿದ್ದ. ಒಬ್ಬಾಕೆ ಬಾಲ್ಕನಿಯಲ್ಲಿ ಧೂಪ ಹಾಕಿದ್ದಕ್ಕೆ ಐದು ಮಹಡಿ ಮೆಟ್ಟಿಲು ಓಡಿ ಹತ್ತಿ ಬಾಗಿಲು ಬಡಿದು ಬೈಸಿಕೊಂಡು ಬಂದಿದ್ದ.

ಮಧುಕರ್ ಬೇರೆ ಆಗಾಗ ಫೋನು ಮಾಡುತ್ತಿದ್ದರು. ಒತ್ತಾಯವೇನೂ ಇಲ್ಲ. ಈ ಸಲ ಹುಲ್ಲು ಆಳೆತ್ತರ ಬೆಳೆದಿದೆ, ಬಿದಿರು ಒಣಗಿ ನಿಂತಿದೆ, ಈ ವರ್ಷದ ಪೊಟ್ಟಣ ಸದ್ಯಕ್ಕೆ ನನ್ನ ಜೇಬಿನಲ್ಲೇ ಇದೆ ಭಗವಂತಣ್ಣ ಎಂದು ನಗುತ್ತಿದ್ದರು. ಆ ನಗು ಅವನಿಗೆ ದಿನವಿಡೀ ಚುಚ್ಚುತ್ತಿತ್ತು. ತನ್ನ ಜಾಗ ಇನ್ನೂ ಖಾಲಿ ಇದೆ ಎಂದು ಸಂತೋಷ; ಖಾಲಿ ಇದ್ದೂ ಹೋಗಲಾಗದು ಎಂಬ ಸಂಕಟ. ಎರಡೂ ಕೂಡಿ ಅವನ ನಿದ್ದೆ ಕೆಡಿಸಿದವು.

ಗೇಟಿನಲ್ಲಿ ಅವನಿಗೆ ಮಾತಿಗೆ ಸಿಗುತ್ತಿದ್ದವಳು ಜಹನಾರಾ ಒಬ್ಬಳೇ. ಅಪಾರ್ಟ್‌ಮೆಂಟಿನ ಒಣ ಕಸ ಒಯ್ದು, ಕಾಗದ ಬೇರೆ ಪ್ಲಾಸ್ಟಿಕ್ ಬೇರೆ ಮಾಡಿ ಮಾರುವ ಹೆಂಗಸು. ದಿನಾ ಶಿವಾಜಿನಗರದಿಂದ ಹಲಸೂರು, ಇಂದಿರಾನಗರ ದಾಟಿ ಬಸ್ಸಿನಲ್ಲಿ ಬರುತ್ತಿದ್ದಳು. ಅಪಾರ್ಟ್‌ಮೆಂಟಿನ ಹಿಂದೆ ಒಂದು ದೊಡ್ಡ ಖಾಲಿ ಜಾಗವಿತ್ತು. ಅದರ ಆಚೆ ಅಂಚಿಗೆ ಕಲ್ಲು ಕಟ್ಟಿದ ಅಗಲವಾದ ಮೋರಿ, ಮೋರಿಯಾಚೆ ಟಾರ್ಪಾಲಿನ ಕೆಳಗೆ ಅವಳ ಗುಜರಿ. ಖಾಲಿ ಜಾಗವೂ ಗುಜರಿಯ ಜಾಗವೂ ಮುನಿರಾಜಪ್ಪ ಎಂಬವರದು. ಊರು ಹಳ್ಳಿಯಾಗಿದ್ದಾಗಿನಿಂದ ಅಲ್ಲೇ ಇರುವ ಮನೆತನ. ಜಹನಾರಾಳ ಅಣ್ಣನಿಗೆ ಶಿವಾಜಿನಗರದಲ್ಲಿ ಹಳೇ ಬೂಟಿನ ಅಂಗಡಿ. ಪ್ರತಿ ಜನವರಿಯಲ್ಲಿ ಭಗವಂತರಾಯ ಕಾಡಿಗೆ ಹೊರಡುವ ಮುಂಚೆ ಅಲ್ಲೇ ಒಂದು ಜೊತೆ ದಪ್ಪ ತೊಗಲಿನ ಬೂಟು ಕೊಳ್ಳುತ್ತಿದ್ದ. ಗೇಟಿನಲ್ಲಿ ಅವಳ ಪರಿಚಯವಾದಾಗ ಅದು ಅವಳಣ್ಣನ ಅಂಗಡಿಯೆಂದು ತಿಳಿದು ಇಬ್ಬರೂ ನಕ್ಕಿದ್ದರು.

ಈ ವರ್ಷ ಬೂಟಿನ ಅಗತ್ಯವಿರಲಿಲ್ಲ. ಆದರೂ ರಜೆಯ ಒಂದು ದಿನ ಅವನ ಕಾಲು ಶಿವಾಜಿನಗರದ ಬಸ್ಸು ಹತ್ತಿತು. ಸುಮ್ಮನೆ ನೋಡಿಬರುತ್ತೇನೆ ಎಂದುಕೊಂಡೇ ಹೋದ. ಸುಮ್ಮನೆ ಒಂದು ಜೊತೆ ಕಾಲಿಗೆ ಹಾಕಿ ನೋಡಿದ. ಸುಮ್ಮನೆ ಎರಡು ಹೆಜ್ಜೆ ನಡೆದ. ಆಮೇಲೆ ಅದನ್ನು ಕೊಂಡು, ಗೋಣಿಚೀಲದಲ್ಲಿ ಸುತ್ತಿ ತಂದು ಮಂಚದ ಕೆಳಗೆ ತಳ್ಳಿದ. ಮೂರನೇ ದಿನ ಹಗುರವಾಗಿ ಎಳೆದು ನೋಡಿದರೆ ಎರಡು ಬೂಟಿನೊಳಗೂ ಬಟ್ಟೆ ಒಣಹಾಕುವ ಕ್ಲಿಪ್ಪುಗಳು ತುಂಬಿದ್ದವು. ಜಟ್ಟೆಮ್ಮ ಕಂಡುಹಿಡಿದು ತನ್ನ ಉತ್ತರ ಕೊಟ್ಟಿದ್ದಳು. ಅಂದಿನಿಂದ ಅವಳು ಬಟ್ಟೆ ಒಗೆದಾಗಲೆಲ್ಲ ಬೂಟುಗಳನ್ನು ಎರಡು ಕೈಯಲ್ಲಿ ಎತ್ತಿಕೊಂಡು, ಗಂಡನ ಎದುರಿನಿಂದಲೇ ಮೇಲಿನ ಟೆರೇಸಿಗೆ ಹೋಗುವಳು. ಅವನು ಗೋಡೆ ನೋಡುವನು.

ಮಾರ್ಚ್ ಬಂತು. ಒಂದು ಮಧ್ಯಾಹ್ನ ಊಟದ ಹೊತ್ತು ಕಳೆದಿತ್ತು. ಭಗವಂತರಾಯ ಹಿಂಗೋಡೆಯ ಕಡೆ ಹೋಗುತ್ತಿದ್ದಾಗ ಹೊಗೆ ಮೂಗಿಗೆ ಬಡಿಯಿತು. ಹುಲ್ಲಿನ ಹೊಗೆ. ಅವನು ಗೋಡೆ ಹತ್ತಿ ನೋಡಿದ. ಖಾಲಿ ಜಾಗದ ರಸ್ತೆ ಬದಿಯಲ್ಲಿ ಯಾರೋ ಕಸಕ್ಕೆ ಬೆಂಕಿ ಇಟ್ಟಿದ್ದರು. ಅದು ಸೊಂಟದೆತ್ತರದ ಒಣ ಹುಲ್ಲಿಗೆ ಹಿಡಿದು, ಗಾಳಿಯ ಜೊತೆ ಮೋರಿಯ ಕಡೆಗೆ ಸಾಗುತ್ತಿತ್ತು. ಯಾರೋ ಬಾಲ್ಕನಿಯಿಂದ, ಫೈರ್ ಇಂಜಿನ್ನಿಗೆ ಹೇಳಿಯಾಗಿದೆ, ಬರುತ್ತಿದೆ ಎಂದರು. ಅದು ಅವನ ಕಿವಿಗೆ ಬಿತ್ತು. ಬಿದ್ದರೂ ಅವನು ಗೋಡೆಯಾಚೆ ಧುಮುಕಿದ.

ಹೊಂಗೆಯ ಹಸಿ ಕೊಂಬೆ ಮುರಿದು ಬದಿಯಿಂದ ಬಡಿಯುತ್ತ ಹೋದ. ಎಷ್ಟೋ ತಿಂಗಳಿಂದ ಎಲ್ಲೂ ನಿಲ್ಲದ ಮನಸ್ಸು ಒಮ್ಮೆಗೇ ನಿಂತಿತು. ಕಾಲು ಯಾವ ಕಡೆ ಇಡಬೇಕು, ಉಸಿರು ಯಾವಾಗ ಎಳೆಯಬೇಕು ಎಂದು ಮೈ ತಾನಾಗಿ ತಿಳಿದುಕೊಂಡಿತು. ಒಂದು ಬದಿ ಆರಿತು. ಆದರೆ ಬೆಂಕಿಯ ಮುಂಭಾಗ ಅವನನ್ನು ಹಿಂದೆ ಹಾಕಿ ಮೋರಿಯ ಕಡೆ ಓಡಿತ್ತು. ಅವನು ಸುತ್ತುಹಾಕಿ ಅದರ ಮುಂದೆ, ಮೋರಿಯ ಅಂಚಿಗೆ ಬಂದು ನಿಂತ. ಹಿಂದೆ ತಿರುಗಿ ಮೋರಿಯನ್ನು ನೋಡಿದ. ಮೋರಿಯಾಚೆ ಜಹನಾರಾ ಹೊರಗೆ ಬಂದು ನಿಂತಿದ್ದಳು. ಅವನು ಜೇಬಿಗೆ ಕೈ ಹಾಕಿದ, ಕಡ್ಡಿ ಗೀರಿದ, ಮೋರಿಯ ಉದ್ದಕ್ಕೂ ಬಗ್ಗಿಕೊಂಡು ಓಡುತ್ತ ಹುಲ್ಲಿಗೆ ಎದುರು ಬೆಂಕಿ ಕೊಟ್ಟ.

ಕಾಡಿನ ಹುಲ್ಲಿನ ಕೆಳಗೆ ಮಣ್ಣಿರುತ್ತದೆ. ಇಲ್ಲಿ ಹುಲ್ಲಿನ ಕೆಳಗೆ ಹತ್ತಾರು ವರ್ಷದ ಊರಿತ್ತು: ಕವರು, ಥರ್ಮೋಕೋಲು, ಹರಿದ ಹಾಸಿಗೆ, ಚಿಂದಿ ಬಟ್ಟೆ. ಎದುರು ಬೆಂಕಿಯನ್ನು ತನ್ನ ಕಡೆ ಎಳೆದುಕೊಳ್ಳುವಷ್ಟು ದೊಡ್ಡ ಬೆಂಕಿಯೂ ಅದಾಗಿರಲಿಲ್ಲ. ಅವನು ಹಚ್ಚಿದ ಸಾಲು ನಿಂತಲ್ಲೇ ಕಪ್ಪು ಹೊಗೆ ಕಾರುತ್ತ ಉರಿಯಿತು. ಉರಿಯುವ ಒಂದು ದೊಡ್ಡ ಪ್ಲಾಸ್ಟಿಕ್ ಹಾಳೆಯನ್ನು ಬೆಂಕಿಯ ಬಿಸಿಗಾಳಿ ಎತ್ತಿ, ಮೋರಿ ದಾಟಿಸಿ, ಜಹನಾರಾಳ ಟಾರ್ಪಾಲಿನ ಮೇಲೆ ಹಾಕಿತು. ಅವನು ಮೋರಿ ಹಾರಿ ಓಡಿದ. ಕೊಂಬೆಯ ಬಡಿತಕ್ಕೆ ಬಗ್ಗುವ ಬೆಂಕಿಯಲ್ಲ ಅದು. ಅವಳನ್ನೂ ಅವಳ ಜೊತೆಯ ಹೆಂಗಸರನ್ನೂ ದೂರ ನಿಲ್ಲಿಸುವುದೊಂದೇ ಅವನಿಂದಾದದ್ದು. ಫೈರ್ ಇಂಜಿನ್ ಬಂದು ನೀರು ಹೊಡೆಯುವ ಹೊತ್ತಿಗೆ, ತಿಂಗಳಿಡೀ ಆರಿಸಿ ಮೂಟೆ ಕಟ್ಟಿದ್ದು ಕರಗಿ ಒಂದೇ ಮುದ್ದೆಯಾಗಿತ್ತು. ಹುಲ್ಲಿನ ಬೆಂಕಿ ಮೋರಿಯ ಅಂಚಿನಲ್ಲಿ ತಾನಾಗಿ ಆರಿತ್ತು.

ಮುನಿರಾಜಪ್ಪ ಸ್ಕೂಟರಿನಲ್ಲಿ ಬಂದರು. ಬಾಲ್ಕನಿಯಿಂದ ಯಾರೋ ತೆಗೆದ ವಿಡಿಯೋ ಆಗಲೇ ಅವರ ಫೋನಿಗೂ ಬಂದಿತ್ತು.

"ಆರ್ಸಕ್ಕೆ ಬಂದೋನು ಕಡ್ಡಿ ಗೀರಿದ್ದೀಯಲ್ಲಯ್ಯಾ. ತಲೆ ನೆಟ್ಟಗಿದ್ಯಾ ನಿಂಗೆ?"

ಭಗವಂತರಾಯ ಎದುರು ಬೆಂಕಿಯ ವಿಚಾರ ಹೇಳಲು ಬಾಯಿ ತೆರೆದ. ಹೇಳಿದಷ್ಟೂ ಅದು ಹುಚ್ಚನ ಮಾತಿನಂತೆ ಅವನಿಗೇ ಕೇಳಿಸಿತು. ಪೊಲೀಸಿನವರು ಬಂದು ಜಹನಾರಾಳನ್ನು ಕೇಳಿದರು. ಅವನು ಸಹಾಯಕ್ಕೆ ಬಂದದ್ದು, ತಾನು ದೂರು ಕೊಡುವುದಿಲ್ಲ ಎಂದು ಅವಳು ಖಡಾಖಂಡಿತ ಹೇಳಿದಳು. ಅಪಾರ್ಟ್‌ಮೆಂಟಿನ ಕಾರ್ಯದರ್ಶಿ ಮಾತ್ರ, ನಾಳೆಯಿಂದ ಬರುವುದು ಬೇಡ ಎಂದು ಬೇರೆಯವರ ಕೈಲಿ ಹೇಳಿಸಿದರು.

ಎಲ್ಲರೂ ಹೋದ ಮೇಲೆ ಭಗವಂತರಾಯ ಬೂದಿಯ ನಡುವೆ ಕುಕ್ಕರಗಾಲಲ್ಲಿ ಕೂತು, ಕರಗಿದ ಮುದ್ದೆಗಳಿಗೆ ಕೈಯ ಹಿಂಬದಿ ತಾಗಿಸುತ್ತ ಬಿಸಿ ಉಳಿದಿದೆಯೇ ಎಂದು ನೋಡುತ್ತಿದ್ದ. ಜಹನಾರಾ ಅವನ ಪಕ್ಕ ಬಂದು ನಿಂತಳು. ಅವಳ ಮುಖದಲ್ಲಿ ಸಿಟ್ಟಿರಲಿಲ್ಲ, ದಣಿವಿತ್ತು.

"ಭಾಯ್, ನೀವು ಕೆಟ್ಟದ್ದಕ್ಕೆ ಬಂದಿಲ್ಲ, ನಂಗೊತ್ತು. ಲೇಕಿನ್ ಒಂದ್ ಮಾತು ಕೇಳ್ತೀನಿ. ಮೋರಿ ಇತ್ತಲ್ಲ? ಹುಲ್ಲಿನ ಬೆಂಕಿ ಅಷ್ಟಗಲ ಮೋರಿ ದಾಟಿ ಬರ್ತಿತ್ತಾ?"

ಬರುತ್ತಿರಲಿಲ್ಲ. ಅದು ಅವನಿಗೆ ಆಗಲೂ ಗೊತ್ತಿತ್ತು. ಕಡ್ಡಿ ಗೀರುವ ಮೊದಲು ಅವನು ಮೋರಿಯನ್ನು ನೋಡಿದ್ದ. ಅದರ ಅಗಲವನ್ನು ಕಣ್ಣು ಅಳೆದಿತ್ತು. ಅಳೆದ ಮೇಲೂ ಕೈ ಜೇಬಿಗೆ ಹೋಗಿತ್ತು.

ಮನೆಯವರೆಗೂ ನಡೆದೇ ಹೋದ. ಟಿನ್ ಫ್ಯಾಕ್ಟರಿಯ ಹತ್ತಿರ ಬಸ್ಸುಗಳು ಒಂದಕ್ಕೊಂದು ಮುಖ ಒತ್ತಿಕೊಂಡು ಹಾರ್ನು ಹೊಡೆಯುತ್ತಿದ್ದವು. ಜನ ಅವನ ಮಸಿ ಮುಖ ನೋಡಿ ದಾರಿ ಬಿಟ್ಟರು. ದಾರಿಯುದ್ದಕ್ಕೂ ಅವನು ತನಗೆ ತಾನೇ ವಾದ ಹೂಡಿದ. ಗಾಳಿ ಜೋರಿತ್ತು ಎಂದುಕೊಂಡ, ಇರಲಿಲ್ಲ. ಹೆಂಗಸರಿದ್ದರು ಎಂದುಕೊಂಡ, ಅವರಿದ್ದದ್ದು ಮೋರಿಯಾಚೆ. ಒಂದೊಂದು ನೆಪವೂ ಹತ್ತು ಹೆಜ್ಜೆ ಜೊತೆಗೆ ಬಂದು ಬಿಟ್ಟುಹೋಯಿತು. ಅವನಿಗೆ ನಾಚಿಕೆಯಾಗುತ್ತಿತ್ತು, ಮತ್ತು ಆ ನಾಚಿಕೆಯ ಕೆಳಗೆ ಇನ್ನೂ ಮೈ ಜುಮ್ಮೆನ್ನುತ್ತಿತ್ತು. ಅದೇ ಅವನಿಗೆ ಹೆದರಿಕೆ ಹುಟ್ಟಿಸಿತು.

ಕೋಣೆಯಲ್ಲಿ ದೀಪ ಉರಿಯುತ್ತಿತ್ತು. ಜಟ್ಟೆಮ್ಮ ಫೋನು ಹಿಡಿದು ಗೋಡೆಗೆ ಒರಗಿ ಕೂತಿದ್ದಳು. ಅಪಾರ್ಟ್‌ಮೆಂಟಿನಲ್ಲಿ ಕೆಲಸ ಮಾಡುವ ಹೆಂಗಸರಿಂದ ಅವಳ ಕ್ಯಾಂಟೀನಿನವರಿಗೆ ವಿಡಿಯೋ ಬಂದಿತ್ತು. ಅವನಿಗೆ ನೀರು ಕೊಟ್ಟಳು. ಅವನು ಕುಡಿದು ಮುಗಿಸುವವರೆಗೆ ಕಾದಳು.

"ನಗಲಾಕತ್ತಿದ್ರಿ ನೀವು."

ಅವನಿಗೆ ಅರ್ಥವಾಗಲಿಲ್ಲ. ಅವಳು ಫೋನು ಅವನ ಮುಂದೆ ಹಿಡಿದಳು. ದೂರದಿಂದ ತೆಗೆದ ಚಿತ್ರ, ಆದರೆ ಯಾರೋ ಹತ್ತಿರಕ್ಕೆ ಎಳೆದಿದ್ದರು. ಮೋರಿಯ ಅಂಚಿನಲ್ಲಿ ಬಗ್ಗಿ ಓಡುತ್ತಿರುವ ಮನುಷ್ಯ, ಕೈಯಲ್ಲಿ ಕಡ್ಡಿ, ಅಗಲವಾಗಿ ಬಿಚ್ಚಿದ ಬಾಯಿ. ಅವನು ನಗುತ್ತಿದ್ದ. ತಾನು ನಕ್ಕದ್ದು ಭಗವಂತರಾಯನಿಗೆ ಗೊತ್ತೇ ಇರಲಿಲ್ಲ.

"ನಮ್ಮ ಲಗ್ನದಾಗೂ ನಿಮ್ಮ ಮಾರಿ ಹಂಗ ಅರಳಿದ್ದಿಲ್ಲ," ಎಂದಳು ಜಟ್ಟೆಮ್ಮ. ಕೊಂಕಿನಿಂದ ಹೇಳಲಿಲ್ಲ. ಅವಳ ಕಣ್ಣಲ್ಲಿ ನೀರಿತ್ತು. "ಹೋಗ್ರಿ ನೀವು. ರೊಟ್ಟಿ ಮ್ಯಾಲಿನ ಮಾತು ನಾನೇ ತೆಗೀತೀನಿ. ಕಟ್ಟಿ ಹಾಕಿದ್ರ ಇಲ್ಲೇ ಬೆಂಕಿ ಹುಡುಕ್ತೀರಿ. ಅಲ್ಲಾದ್ರ ಅದು ನಿಮ್ಮ ಕೆಲ್ಸರ ಅದ."

ಅವಳೇ ಮಂಚದ ಕೆಳಗಿನಿಂದ ಬೂಟುಗಳನ್ನು ಎಳೆದು ತಲೆಕೆಳಗು ಮಾಡಿದಳು. ಬಣ್ಣಬಣ್ಣದ ಕ್ಲಿಪ್ಪುಗಳು ನೆಲದ ತುಂಬ ಚೆಲ್ಲಿದವು. ಖಾಲಿ ಬೂಟುಗಳನ್ನು ಅವನ ಕಾಲ ಬಳಿ ಜೋಡಿಸಿಟ್ಟಳು. ಜನವರಿಯಿಂದ ಅವನು ಕಾದಿದ್ದದ್ದು ಇದಕ್ಕೇ. ಹೂಂ ಎಂದರೆ ಬೆಳಗಿನ ಬಸ್ಸಿಗೆ ಗುಂಡ್ಲುಪೇಟೆ. ಅವನು ಬೂಟುಗಳನ್ನು ನೋಡುತ್ತ ಕೂತ. ಕಣ್ಣಿಗೆ ಬಂದದ್ದು ಕಾಡಲ್ಲ. ಸುತ್ತಿದ ಹಾಸಿಗೆಯನ್ನು ಹೆಗಲಿಗೇರಿಸಿ, ಕಣ್ಣು ಒರೆಸಿಕೊಳ್ಳುತ್ತ ಕ್ಯಾಂಪಿನ ದಾರಿ ಇಳಿಯುತ್ತಿದ್ದ ಲಕ್ಷ್ಮಿಕಾಂತ.

ಫೋನು ಹೊಡೆದುಕೊಂಡಿತು. ಮಧುಕರ್. ಇವತ್ತು ಎರಡು ಗುಡ್ಡಕ್ಕೆ ಬೆಂಕಿ ಬಿದ್ದಿದೆ, ಜನ ಸಾಲದು, ಈಗಲಾದರೂ ಬನ್ನಿ ಭಗವಂತಣ್ಣ ಎಂದರು. ಅವರ ದನಿಯಲ್ಲಿ ಈ ಸಲ ನಗು ಇರಲಿಲ್ಲ.

"ಬರಂಗಿಲ್ಲ ಸಾರ್," ಎಂದ ಭಗವಂತರಾಯ.

ಅತ್ತ ಕಡೆಯಿಂದ ಮಧುಕರ್, ಮನೆಯವರು ಇನ್ನೂ ಒಪ್ಪಲಿಲ್ಲವೇ ಎಂದು ಕೇಳಿದರು.

"ಆಕಿ ಒಪ್ಪ್ಯಾಳ. ನಾನೇ ಒಪ್ಪಿಲ್ಲ." ಅವನು ಬೂಟುಗಳನ್ನು ಪಕ್ಕಕ್ಕೆ ಸರಿಸಿದ. "ಇವತ್ತು ಬ್ಯಾಡದ ಜಾಗದಾಗ ಕಡ್ಡಿ ಗೀರೀನಿ ಸಾರ್. ನಕ್ಕೋತ ಗೀರೀನಿ. ಲಕ್ಷ್ಮಿಕಾಂತಗ ಹೇಳಿದ ಮಾತು ನನಗೂ ಹತ್ತತದ. ಅವನ್ನ ಕರೀರಿ. ಭಗವಂತರಾಯನೇ ಕರೀಲಿಕ್ಕ ಹೇಳ್ಯಾನ ಅನ್ರಿ. ತನ್ನ ಕೈ ತಡೀಲಾರದ್ದು ನನಗಿಂತ ಮೊದಲು ಅವಗ ಗೊತ್ತಾಗ್ಯದ."

ಮಧುಕರ್ ಏನೋ ಸಮಾಧಾನ ಹೇಳಿದರು. ಅವನು ಕೇಳಿಸಿಕೊಂಡು ಫೋನು ಇಟ್ಟ. ಜೇಬಿನಿಂದ ಬೆಂಕಿಪೊಟ್ಟಣ ತೆಗೆದು ಒಲೆಯ ಪಕ್ಕ, ಉಪ್ಪಿನ ಡಬ್ಬಿಯ ಹತ್ತಿರ ಇಟ್ಟ. ನಾಳೆ ಬೆಳಗ್ಗೆ ಜಹನಾರಾಳ ಗುಜರಿಗೆ ಹೋಗುತ್ತೇನೆ, ಕರಗಿದ್ದನ್ನೆಲ್ಲ ಎತ್ತಿ ಜಾಗ ಖಾಲಿ ಮಾಡಿಕೊಡಬೇಕು ಎಂದು ಹೆಂಡತಿಗೆ ಹೇಳಿದ. ಜಟ್ಟೆಮ್ಮ ಹೂಂ ಎಂದಳು.

ಹೊರಗೆ ಗಾಳಿ ಎದ್ದಿತ್ತು. ಅವನ ಮೂಗು ತಾನಾಗಿ ಬಾಗಿಲ ಕಡೆ ತಿರುಗಿತು, ಅವನು ಏಳಲಿಲ್ಲ. ಜಟ್ಟೆಮ್ಮ ನೆಲದ ಮೇಲೆ ಕೂತು ಚೆಲ್ಲಿದ ಕ್ಲಿಪ್ಪುಗಳನ್ನು ಆರಿಸಿ ಮತ್ತೆ ಬೂಟಿನೊಳಗೆ ಹಾಕತೊಡಗಿದಳು. ಅವನೂ ಎದುರು ಕೂತು ಒಂದೊಂದಾಗಿ ಆರಿಸಿಕೊಟ್ಟ.